ಹಲ್ಲಿಗೆ ಕ್ಯಾಪ್ ಹಾಕಿಸುವಾಗ ವಸಡನ್ನು ಮರೆಯದಿರಿ

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರನ್ನು ಕೇಳಿ ನೋಡಿ. ಇಂಜೆಕ್ಷನ್ ಕೊಟ್ಟದ್ದು, ಹಲ್ಲು ಉಜ್ಜಿ ಸಣ್ಣದು ಮಾಡಿದ್ದು, ಬಾಯಿಯೊಳಗೆ ಮೆತ್ತನೆಯ ಪದಾರ್ಥವಿಟ್ಟು ಅಚ್ಚು ತೆಗೆದದ್ದು, ಕೊನೆಯಲ್ಲಿ ಕೈಗೆ ಬಂದ ಬಿಲ್ಲು, ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಅಚ್ಚು ತೆಗೆಯುವ ಮೊದಲು ವೈದ್ಯರು ಹಲ್ಲಿನ ಸುತ್ತ ವಸಡಿನೊಳಗೆ ತೆಳುವಾದ ನೂಲೊಂದನ್ನು ಒತ್ತಿ ಇಟ್ಟದ್ದು, ಕೆಲವು ನಿಮಿಷಗಳ ನಂತರ ಅದನ್ನು ಎಳೆದು ತೆಗೆದದ್ದು ಹೆಚ್ಚಿನವರಿಗೆ ತಿಳಿದೇ ಇರುವುದಿಲ್ಲ. ಬಾಯಿ ಮರಗಟ್ಟಿರುವಾಗ ತಿಳಿಯುವುದಾದರೂ ಹೇಗೆ? ಕ್ಯಾಪ್ ಸರಿಯಾಗಿ ಕೂರಲು ಆ ನೂಲು ಬೇಕು. ಅದೇ ನೂಲು ಅಜಾಗ್ರತೆಯಿಂದ ಬಳಸಿದರೆ ವಸಡಿಗೆ ತೊಂದರೆಯನ್ನೂ ಕೊಡಬಲ್ಲದು.

ಕೆಲವು ವರ್ಷಗಳ ಹಿಂದೆ ಐವತ್ತರ ಆಸುಪಾಸಿನ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಮೇಲಿನ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿ ಒಂದು ತಿಂಗಳು ಕಳೆದಿತ್ತು. ಅದರ ಸುತ್ತಲಿನ ವಸಡು ಕೆಂಪಾಗಿ ಊದಿಕೊಂಡು, ಬ್ರಷ್ ತಾಗಿದೊಡನೆ ರಕ್ತ ಬರುತ್ತಿತ್ತು. 'ಮತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಭಯ, ನೀವೇ ಒಂದು ಮಂಜನ್ ಕೊಡಿ' ಎಂದರು. ನಾನು ಮಾಚಿಕಾಯಿ, ಪಟಿಕ ಸೇರಿದ ಸುನೂನ್ ಕೊಟ್ಟು ಕಳುಹಿಸಿದೆ. ವಾರದಲ್ಲಿ ರಕ್ತ ಕಡಿಮೆಯಾಯಿತು. ಅವರಿಗೂ ಸಮಾಧಾನ, ನನಗೂ ಸಮಾಧಾನ. ಮೂರನೆಯ ವಾರ ಅದೇ ಜಾಗದಲ್ಲಿ ಕೀವು ಕಾಣಿಸಿಕೊಂಡಿತು. ಆಗ ಅವರನ್ನು ಪರಿಚಯದ ದಂತವೈದ್ಯರ ಬಳಿಗೆ ಕಳುಹಿಸಿದೆ. ವಸಡಿನ ಒಳಗಿನಿಂದ ಅವರು ಹೊರತೆಗೆದದ್ದು ಅಕ್ಕಿಕಾಳಿನಷ್ಟು ಉದ್ದದ ಒಂದು ನೂಲಿನ ತುಂಡು. ಅಚ್ಚು ತೆಗೆದ ದಿನ ಅದು ಒಳಗೇ ಉಳಿದುಬಿಟ್ಟಿತ್ತು.

ನೂಲು ಹೊರಬಂದ ಮೇಲೆ ಊತ ಹತ್ತೇ ದಿನಗಳಲ್ಲಿ ಇಳಿಯಿತು. ಆದರೆ ವಸಡು ತನ್ನ ಮೊದಲಿನ ಜಾಗಕ್ಕೆ ಪೂರ್ತಿ ಮರಳಲಿಲ್ಲ. ಕ್ಯಾಪಿನ ಅಂಚಿನ ಮೇಲೆ ಹಲ್ಲಿನ ಬೇರು ಸಣ್ಣ ಗೆರೆಯಂತೆ ಇಂದಿಗೂ ಕಾಣುತ್ತದೆ. ನಮ್ಮ ಯುನಾನಿ ಪದ್ಧತಿಯಲ್ಲಿ ಒಂದು ಮೂಲ ಪಾಠವಿದೆ: ಮೊದಲು ತನ್ಕಿಯಾ, ಅಂದರೆ ಒಳಗಿನ ಕಲ್ಮಶವನ್ನು ಹೊರಹಾಕುವುದು, ಆಮೇಲೆ ತಕ್ವಿಯತ್, ಅಂದರೆ ಅಂಗಕ್ಕೆ ಬಲ ಕೊಡುವುದು. ಕಲ್ಮಶ ಒಳಗಿರುವಾಗಲೇ ಬಿಗಿಗೊಳಿಸುವ ಮದ್ದು ಕೊಟ್ಟು ನಾನು ಆ ಪಾಠವನ್ನೇ ಮರೆತಿದ್ದೆ. ಆ ಮೂರು ವಾರಗಳ ತಪ್ಪು ನನ್ನದು. ನಿಮ್ಮ ಮನೆಯಲ್ಲಿ ಅಂಥದ್ದು ಆಗದಿರಲಿ ಎಂದು ಈ ಬರಹ.

ವಸಡನ್ನು ಸರಿಸುವುದೇಕೆ?

ವಸಡು ಹಲ್ಲಿಗೆ ಅಂಗಿಯ ಕಾಲರಿನಂತೆ ಸುತ್ತಿಕೊಂಡಿದೆ. ಕಾಲರಿಗೂ ಕತ್ತಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇರುವಂತೆ, ವಸಡಿಗೂ ಹಲ್ಲಿಗೂ ನಡುವೆ ಒಂದು ಕಿರಿದಾದ ಸಂದಿಯಿದೆ. ಆರೋಗ್ಯವಂತರಲ್ಲಿ ಅದರ ಆಳ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್. ಅದರ ತಳದಲ್ಲಿ ವಸಡು ಹಲ್ಲಿಗೆ ಅಂಟಿಕೊಂಡಿರುತ್ತದೆ. ಈ ಅಂಟಿಕೊಂಡ ಪಟ್ಟಿಯ ಅಗಲ ಸರಾಸರಿ 2 ಮಿಲಿಮೀಟರ್ ಮಾತ್ರ. ಬಾಯಿಯ ಕೋಟ್ಯಂತರ ಬ್ಯಾಕ್ಟೀರಿಯಾ ಕೆಳಗಿನ ಎಲುಬಿಗೆ ಇಳಿಯದಂತೆ ತಡೆಯುವ ಮುದ್ರೆ ಇದೇ.

ಹಲ್ಲು ಹುಳುಕಾಗಿ ವಸಡಿನ ಮಟ್ಟಕ್ಕೆ ಮುರಿದಿದ್ದರೆ, ಅಥವಾ ಮುಂದಿನ ಹಲ್ಲಿನಲ್ಲಿ ಕ್ಯಾಪಿನ ಗೆರೆ ಹೊರಗೆ ಕಾಣಬಾರದು ಎಂದಿದ್ದರೆ, ವೈದ್ಯರು ಕ್ಯಾಪಿನ ಅಂಚನ್ನು ವಸಡಿನ ಸಂದಿಯೊಳಗೆ ಸ್ವಲ್ಪ ಇಳಿಸುತ್ತಾರೆ. ಆಗ ಅಚ್ಚಿನಲ್ಲಿ ಆ ಅಂಚು ಸ್ಪಷ್ಟವಾಗಿ ಮೂಡಬೇಕು. ವಸಡು ಮುಚ್ಚಿಕೊಂಡಿದ್ದರೆ ಅಥವಾ ಅಲ್ಲಿ ರಕ್ತ, ಜೊಲ್ಲು ಇದ್ದರೆ ಅಚ್ಚು ಕೆಡುತ್ತದೆ. ಕೆಟ್ಟ ಅಚ್ಚಿನಿಂದ ಮಾಡಿದ ಕ್ಯಾಪ್ ಹಲ್ಲಿಗೆ ಕೂರುವುದಿಲ್ಲ. ಆದ್ದರಿಂದ ವಸಡನ್ನು ಕೆಲವು ನಿಮಿಷಗಳ ಮಟ್ಟಿಗೆ ಬದಿಗೆ ಸರಿಸಬೇಕಾಗುತ್ತದೆ. ಬೇಕಾದ ಸಂದಿ ದೊಡ್ಡದೇನಲ್ಲ, ಮಿಲಿಮೀಟರಿನ ಐದನೇ ಒಂದು ಭಾಗ ತೆರೆದರೂ ಸಾಕು. ಈಗ ಹಲವೆಡೆ ಅಚ್ಚಿನ ಬದಲು ಡಿಜಿಟಲ್ ಸ್ಕ್ಯಾನರ್ ಬಂದಿದೆ. ಆದರೆ ಕ್ಯಾಮರಾ ಕೂಡ ವಸಡಿನ ಮರೆಯಲ್ಲಿರುವುದನ್ನು ಕಾಣಲಾರದು. ಅಲ್ಲಿಯೂ ವಸಡನ್ನು ಸರಿಸಲೇಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಿ. ವಸಡು ಸರಿಸುವುದು ಬೇರೆ, ವಸಡು ಸವೆದು ಹಿಂದೆ ಸರಿಯುವ ಕಾಯಿಲೆ ಬೇರೆ. ಮೊದಲನೆಯದು ವೈದ್ಯರು ಬೇಕೆಂದೇ ಮಾಡುವ, ತಾನಾಗಿ ಸರಿಹೋಗುವ ಕೆಲಸ. ಎರಡನೆಯದು ಒಮ್ಮೆ ಆದರೆ ತಾನಾಗಿ ಮರಳದ ನಷ್ಟ. ಮೊದಲನೆಯದು ಎರಡನೆಯದಾಗಿ ಬದಲಾಗದಂತೆ ನೋಡಿಕೊಳ್ಳುವುದೇ ಇಲ್ಲಿನ ಎಲ್ಲ ಜಾಗ್ರತೆಯ ಗುರಿ.

ಯಾವ ವಿಧಾನ, ಯಾವ ಪರಿಣಾಮ?

ಹೆಚ್ಚು ಬಳಕೆಯಲ್ಲಿರುವುದು ಹತ್ತಿಯ ನೂಲು. ಮೊಂಡಾದ ತೆಳು ಉಪಕರಣದಿಂದ ಅದನ್ನು ಸಂದಿಯೊಳಗೆ ಮೆಲ್ಲಗೆ ಕೂರಿಸುತ್ತಾರೆ. ಸಾಮಾನ್ಯವಾಗಿ 5ರಿಂದ 10 ನಿಮಿಷ ಅಲ್ಲಿರುತ್ತದೆ. ಸರಿಯಾದ ದಪ್ಪದ ನೂಲನ್ನು ಹಗುರವಾಗಿ ಇಟ್ಟರೆ ಒಳಪದರಕ್ಕೆ ಸಣ್ಣ ತರಚು ಗಾಯವಷ್ಟೇ ಆಗುತ್ತದೆ. ಬಲವಾಗಿ ತುರುಕಿದರೆ ತಳದ ಮುದ್ರೆ ಹರಿಯಬಹುದು. ತೆಗೆಯುವಾಗ ನೂಲು ಒಣಗಿದ್ದರೆ ಒಳಪದರಕ್ಕೆ ಅಂಟಿಕೊಂಡು ಅದನ್ನೂ ಕಿತ್ತುಕೊಂಡು ಬರುತ್ತದೆ. ಹಾಗಾಗಿ ನುರಿತ ವೈದ್ಯರು ನೀರಿನಿಂದ ತೋಯಿಸಿ ತೆಗೆಯುತ್ತಾರೆ. ಕೆಲವೊಮ್ಮೆ ಎರಡು ನೂಲು ಇಡುವುದುಂಟು. ಮೇಲಿನ ದಪ್ಪ ನೂಲನ್ನು ಅಚ್ಚಿಗೆ ಮೊದಲು ತೆಗೆಯುತ್ತಾರೆ, ಕೆಳಗಿನ ತೆಳು ನೂಲು ಅಚ್ಚು ಮುಗಿಯುವವರೆಗೆ ಅಲ್ಲೇ ಇರುತ್ತದೆ. ಅವಸರದಲ್ಲಿ ಒಳಗೆ ಉಳಿಯುವ ಸಾಧ್ಯತೆ ಹೆಚ್ಚಿರುವುದು ಈ ಕೆಳಗಿನ ನೂಲೇ.

ಬರೀ ನೂಲು ರಕ್ತವನ್ನು ನಿಲ್ಲಿಸುವುದಿಲ್ಲ. ಅದಕ್ಕಾಗಿ ನೂಲನ್ನು ಔಷಧಿಯಲ್ಲಿ ನೆನೆಸುತ್ತಾರೆ. ಸಾಮಾನ್ಯವಾಗಿ ಬಳಸುವುದು ಅಲ್ಯೂಮಿನಿಯಂ ಕ್ಲೋರೈಡ್. ಇದು ನಮ್ಮ ಮನೆಗಳ ಫಿಟ್ಕರಿಯ, ಅಂದರೆ ಪಟಿಕದ ಹತ್ತಿರದ ಬಂಧು. ಪಟಿಕದ ದ್ರಾವಣವನ್ನೇ ಈ ಕೆಲಸಕ್ಕೆ ಬಳಸಿದ್ದೂ ಉಂಟು. ಯುನಾನಿಯಲ್ಲಿ ನಾವು ಕಾಬಿಝ್ ಎಂದು ಕರೆಯುವ ಗುಣ, ಅಂದರೆ ಅಂಗಾಂಶವನ್ನು ಬಿಗಿಗೊಳಿಸಿ ಸ್ರಾವ ತಡೆಯುವ ಗುಣ ಇವೆರಡಕ್ಕೂ ಇದೆ. ಹದ ಮೀರಿ ಗಾಢವಾದರೆ ಅಥವಾ ಹೆಚ್ಚು ಹೊತ್ತು ಬಿಟ್ಟರೆ ಇದು ವಸಡನ್ನು ಸುಡುತ್ತದೆ. ಎರಡನೆಯದು ಫೆರಿಕ್ ಸಲ್ಫೇಟ್ ಎಂಬ ಕಬ್ಬಿಣದ ಲವಣ. ರಕ್ತವನ್ನು ಬೇಗ ನಿಲ್ಲಿಸುತ್ತದೆ. ಆದರೆ ವಸಡಿಗೆ ಒಂದೆರಡು ದಿನ ಕಂದು, ಕಪ್ಪು ಬಣ್ಣ ಬರಬಹುದು. ಅದನ್ನು ಕಂಡು ವಸಡು ಕೊಳೆಯಿತೆಂದು ಗಾಬರಿಯಾಗಬೇಡಿ. ಬಳಸಿದ ನಂತರ ಯಾವ ಔಷಧಿಯನ್ನೇ ಆಗಲಿ ಚೆನ್ನಾಗಿ ತೊಳೆಯಬೇಕು.

ಮೂರನೆಯದು ಎಪಿನೆಫ್ರಿನ್, ಅಂದರೆ ಅಡ್ರಿನಲಿನ್. ಇದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಇದರ ತೊಂದರೆ ವಸಡಿಗಿಂತ ಹೃದಯಕ್ಕೆ ಹೆಚ್ಚು. ಗಾಯಗೊಂಡು ರಕ್ತ ಒಸರುವ ವಸಡು ಈ ಔಷಧಿಯನ್ನು ಹೆಚ್ಚು ಹೀರಿಕೊಳ್ಳುತ್ತದೆ. ಎದೆ ಡವಗುಟ್ಟುವುದು, ರಕ್ತದೊತ್ತಡ ಏರುವುದು, ಕೈ ನಡುಗುವುದು ಆಗಬಹುದು. ಹೃದ್ರೋಗ, ಹತೋಟಿಯಲ್ಲಿಲ್ಲದ ಬಿಪಿ, ಥೈರಾಯ್ಡ್ ಹೆಚ್ಚಿರುವವರಿಗೆ ಇದು ಸಲ್ಲದು. ಅಲ್ಯೂಮಿನಿಯಂ ಲವಣ ಇರುವಾಗ ಇದರ ಅಗತ್ಯವೂ ಇಲ್ಲವೆಂದು ಹಲವು ದಂತವೈದ್ಯರು ಇದನ್ನು ಬಿಟ್ಟಿದ್ದಾರೆ.

ಇನ್ನೊಂದು ಪೇಸ್ಟ್ ವಿಧಾನ. ಜೇಡಿಯಂಥ ಮೆತ್ತನೆಯ ಪದಾರ್ಥಕ್ಕೆ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿದ ಪೇಸ್ಟನ್ನು ಸಂದಿಗೆ ತುಂಬಿ, ಒಂದೆರಡು ನಿಮಿಷ ಬಿಟ್ಟು ನೀರಿನಿಂದ ತೊಳೆಯುತ್ತಾರೆ. ಒತ್ತಡ ಕಡಿಮೆ, ನೋವು ಕಡಿಮೆ, ನೂಲು ಒಳಗೆ ಉಳಿಯುವ ಭಯವಿಲ್ಲ. ಆದರೆ ಅಂಚು ಆಳದಲ್ಲಿದ್ದರೆ ಪೇಸ್ಟ್ ಸಾಕಾಗುವುದಿಲ್ಲ. ಎಲ್ಲರಿಗೂ ಇದನ್ನೇ ಬಳಸಲು ಸಾಧ್ಯವಿಲ್ಲದಿರುವುದು ಇದೇ ಕಾರಣಕ್ಕೆ.

ವಸಡು ಬೆಳೆದು ಹಲ್ಲನ್ನು ಮುಚ್ಚಿದ್ದರೆ ಲೇಸರ್ ಅಥವಾ ವಿದ್ಯುತ್ ಉಪಕರಣದಿಂದ ತೆಳುವಾಗಿ ಕತ್ತರಿಸುತ್ತಾರೆ. ಲೇಸರಿನಲ್ಲಿ ರಕ್ತ ಕಡಿಮೆ. ವಿದ್ಯುತ್ ಉಪಕರಣವನ್ನು ಪೇಸ್‌ಮೇಕರ್ ಇರುವವರ ಬಾಯಿಯಲ್ಲಿ ಬಳಸಬಾರದು. ಎರಡರಲ್ಲೂ ಶಾಖವಿದೆ; ಅದು ಎಲುಬಿಗೆ ತಾಗಿದರೆ ಹಾನಿ. ನೂಲು ವಸಡನ್ನು ಬದಿಗೆ ಸರಿಸುತ್ತದೆ, ಇವು ಕತ್ತರಿಸಿ ತೆಗೆಯುತ್ತವೆ. ಆದ್ದರಿಂದ ವಸಡು ತೆಳುವಾಗಿರುವವರಿಗೆ, ಅದರಲ್ಲೂ ಮುಂದಿನ ಹಲ್ಲುಗಳಲ್ಲಿ, ವೈದ್ಯರು ಇವುಗಳನ್ನು ಬಹಳ ಯೋಚಿಸಿ ಬಳಸುತ್ತಾರೆ.

ವಸಡು ಮರಳುತ್ತದೆಯೇ?

ಆರೋಗ್ಯವಾದ ವಸಡು ಮರಳುತ್ತದೆ. ಬಾಯಿಯ ಒಳಪದರ ದೇಹದಲ್ಲಿ ಬೇಗನೆ ಮಾಯುವ ಭಾಗಗಳಲ್ಲಿ ಒಂದು. ನೂಲಿನಿಂದಾದ ತರಚು ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ ಮಾಯುತ್ತದೆ. ಮೊದಲ ಒಂದೆರಡು ದಿನ ಸ್ವಲ್ಪ ನೋವು, ಕೆಂಪು, ಉಗುಳಿನಲ್ಲಿ ಚೂರು ರಕ್ತ ಕಂಡರೆ ಅದು ಸಹಜ. ವಸಡಿನ ಅಂಚು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಕೆಳಗಿಳಿದು ನಿಲ್ಲಬಹುದು. ಅದು ಕಣ್ಣಿಗೆ ಕಾಣುವುದಿಲ್ಲ.

ಮರಳದಿರಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ. ವಸಡು ಮೊದಲೇ ರೋಗಪೀಡಿತವಾಗಿದ್ದರೆ. ಅದು ಕಾಗದದಂತೆ ತೆಳುವಾಗಿದ್ದರೆ. ನೂಲಿನ ತುಂಡು ಅಥವಾ ಅಚ್ಚಿನ ಪದಾರ್ಥ, ಕ್ಯಾಪ್ ಅಂಟಿಸಿದ ಸಿಮೆಂಟ್ ಒಳಗೆ ಉಳಿದಿದ್ದರೆ. ಅಥವಾ ಕ್ಯಾಪಿನ ಅಂಚೇ ಸರಿಯಿಲ್ಲದಿದ್ದರೆ. ಈ ನಾಲ್ಕನೆಯದನ್ನು ವಿಶೇಷವಾಗಿ ನೆನಪಿಡಿ. ನೂಲಿನ ಗಾಯವನ್ನು ವಸಡು ಎರಡು ವಾರಗಳಲ್ಲಿ ಕ್ಷಮಿಸುತ್ತದೆ. ಆದರೆ ಹೊರಚಾಚಿದ ಅಥವಾ ತಳದ 2 ಮಿಲಿಮೀಟರ್ ಮುದ್ರೆಗೆ ನುಗ್ಗಿದ ಕ್ಯಾಪಿನ ಅಂಚನ್ನು ಅದು ಎಂದಿಗೂ ಕ್ಷಮಿಸುವುದಿಲ್ಲ. ಅಲ್ಲಿ ಉರಿಯೂತ ನಿಲ್ಲದೆ, ಮೆಲ್ಲಮೆಲ್ಲನೆ ಎಲುಬು ಕರಗಿ, ವಸಡು ಕೆಳಗಿಳಿಯುತ್ತದೆ. ಇದು ತಿಂಗಳು, ವರ್ಷಗಳಲ್ಲಿ ನಡೆಯುವುದರಿಂದ ಯಾರೂ ಅದನ್ನು ಕ್ಯಾಪಿನ ಜೊತೆ ಜೋಡಿಸಿ ನೋಡುವುದಿಲ್ಲ.

ಕ್ಯಾಪಿಗೆ ಮೊದಲು ನಿಮ್ಮ ಪಾಲಿನ ಕೆಲಸ

ಮೊದಲನೆಯದಾಗಿ, ರಕ್ತ ಬರುವ ವಸಡಿನ ಮೇಲೆ ಕ್ಯಾಪಿನ ಕೆಲಸ ಆರಂಭಿಸಲು ಅವಸರಪಡಬೇಡಿ. 'ಮೊದಲು ಹಲ್ಲು ಕ್ಲೀನ್ ಮಾಡಿಸಿ, ಎರಡು ವಾರ ಬಿಟ್ಟು ಬನ್ನಿ' ಎಂದು ವೈದ್ಯರು ಹೇಳಿದರೆ ಅದು ದುಡ್ಡಿಗಾಗಿ ಹೇಳಿದ ಮಾತೆಂದು ತಿಳಿಯಬೇಡಿ. ಊದಿಕೊಂಡ ವಸಡಿನ ಮೇಲೆ ನೂಲಿಟ್ಟರೆ ಹೆಚ್ಚು ಹರಿಯುತ್ತದೆ, ಹೆಚ್ಚು ರಕ್ತ ಸುರಿಯುತ್ತದೆ, ಅಚ್ಚು ಕೆಡುತ್ತದೆ. ಮುಂದೆ ಊತ ಇಳಿದಾಗ ವಸಡು ಕುಗ್ಗಿ ಕ್ಯಾಪಿನ ಅಂಚು ಹೊರಗೆ ಕಾಣುತ್ತದೆ. ಸಾವಿರ ವರ್ಷಗಳ ಹಿಂದೆ ಕೊರ್ಡೋಬಾದ ಹಕೀಮ್ ಅಬುಲ್ ಕಾಸಿಮ್ ಅಲ್ ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಹಲ್ಲಿನ ಮೇಲಿನ ಕಿಟ್ಟವನ್ನು ಕೆರೆದು ತೆಗೆಯುವ ಉಪಕರಣಗಳ ಚಿತ್ರಗಳನ್ನೇ ಬರೆದಿಟ್ಟಿದ್ದಾರೆ. ಕಿಟ್ಟ ತೆಗೆಯದೆ ವಸಡು ಗುಣವಾಗದು ಎಂಬುದು ಹೊಸ ಮಾತಲ್ಲ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಭಯವನ್ನು ಬಿಟ್ಟುಬಿಡಿ.

ಎರಡನೆಯದಾಗಿ, ಕುರ್ಚಿಯಲ್ಲಿ ಕೂರುವ ಮೊದಲೇ ನಿಮ್ಮ ಕಾಯಿಲೆಗಳನ್ನು ಹೇಳಿ. ಬಿಪಿ, ಹೃದ್ರೋಗ, ಪೇಸ್‌ಮೇಕರ್, ಥೈರಾಯ್ಡ್, ಸಕ್ಕರೆ ಕಾಯಿಲೆ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಯಾವುದನ್ನೂ 'ಹಲ್ಲಿಗೂ ಇದಕ್ಕೂ ಏನು ಸಂಬಂಧ' ಎಂದು ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ನಿಧಾನವಾಗಿ ಮಾಯುತ್ತದೆ. ತುರ್ತಿಲ್ಲದಿದ್ದರೆ ಮೊದಲು ಅದನ್ನು ಹತೋಟಿಗೆ ತನ್ನಿ. ನೀವು ತೆಗೆದುಕೊಳ್ಳುತ್ತಿರುವ ಯುನಾನಿ, ಆಯುರ್ವೇದ ಮದ್ದುಗಳನ್ನೂ ಹೇಳಿ.

ಮೂರನೆಯದಾಗಿ, ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ. ಇವು ವಸಡು ಮಾಯುವುದನ್ನು ತಡೆಯುತ್ತವೆ. ಧೂಮಪಾನಿಗಳ ವಸಡಿನಲ್ಲಿ ರಕ್ತದ ಹರಿವು ಕುಗ್ಗಿ ರಕ್ತವೇ ಕಾಣದಿರಬಹುದು. ರೋಗ ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ. ರಕ್ತ ಬರುತ್ತಿಲ್ಲವಲ್ಲ ಎಂದು ನೆಮ್ಮದಿ ಪಡುವಂತಿಲ್ಲ.

ನಾಲ್ಕನೆಯದಾಗಿ, ಒಂದು ಪ್ರಶ್ನೆ ಕೇಳಿ: 'ಡಾಕ್ಟರೇ, ಅಂಚನ್ನು ವಸಡಿನ ಮೇಲೆಯೇ ನಿಲ್ಲಿಸಬಹುದೇ?' ನಗುವಾಗ ಕಾಣದ ಹಿಂದಿನ ದವಡೆ ಹಲ್ಲುಗಳಲ್ಲಿ ಹಲವು ಬಾರಿ ಇದು ಸಾಧ್ಯ. ಆಗ ನೂಲಿನ ಅಗತ್ಯವೇ ಇಲ್ಲದಿರಬಹುದು. ಬ್ರಷ್ ಮಾಡಲೂ ಸುಲಭ. ಹಲ್ಲಿನ ಸ್ಥಿತಿ ನೋಡಿ ಅವರೇ ನಿರ್ಧರಿಸುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ.

ಕ್ಯಾಪಿನ ನಂತರದ ಎರಡು ವಾರ

ಅಚ್ಚು ತೆಗೆದ ದಿನ ಮರಗಟ್ಟಿದ ಬಾಯಿ ತಿಳಿಯಾಗುವವರೆಗೆ ಬಿಸಿ ಚಹಾ, ಊಟ ಬೇಡ. ಆ ದಿನ ಖಾರ, ಮಸಾಲೆ ಕಡಿಮೆ ಮಾಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಮೂರು ಬಾರಿ ಮೆಲ್ಲಗೆ ಮುಕ್ಕಳಿಸಿ. ಮೃದು ಬ್ರಷ್ ಬಳಸಿ, ಆದರೆ ನೋವೆಂದು ಆ ಹಲ್ಲನ್ನು ಬ್ರಷ್ ಮಾಡದೆ ಬಿಡಬೇಡಿ. ಕೊಳೆ ಕೂತರೆ ಗಾಯ ಮಾಯುವುದಿಲ್ಲ. ತಾತ್ಕಾಲಿಕ ಕ್ಯಾಪ್ ಇರುವಾಗ ಹಲ್ಲುಗಳ ನಡುವೆ ದಾರ ಬಳಸುವವರು ಅದನ್ನು ಮೇಲಕ್ಕೆ ಎಳೆಯದೆ ಬದಿಯಿಂದ ಹೊರತೆಗೆಯಿರಿ. ಪಿನ್ನು, ಕಡ್ಡಿಗಳಿಂದ ಚುಚ್ಚಬೇಡಿ.

ಮಿಸ್ವಾಕ್ ನಮ್ಮ ಮನೆಗಳ ಸುನ್ನತ್. ವಸಡಿಗೂ ಹಿತಕರ. ಆದರೆ ಬಳಸುವ ರೀತಿ ತಪ್ಪಿದರೆ ಅದೇ ವಸಡನ್ನು ಸವೆಸುತ್ತದೆ. ತುದಿಯನ್ನು ನೀರಿನಲ್ಲಿ ನೆನೆಸಿ, ಜಗಿದು ನಾರು ಮೆತ್ತಗೆ ಮಾಡಿಕೊಳ್ಳಿ. ಗರಗಸದಂತೆ ಅಡ್ಡಡ್ಡ ಉಜ್ಜದೆ, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಎಳೆಯಿರಿ. ಹಳೆಯ ಒರಟು ತುದಿಯನ್ನು ಕತ್ತರಿಸಿ ಹೊಸ ತುದಿ ಮಾಡಿ. ನೂಲಿಟ್ಟ ಹಲ್ಲಿನ ಬಳಿ ಎರಡು ಮೂರು ದಿನ ಮಿಸ್ವಾಕಿನ ಬದಲು ಮೃದು ಬ್ರಷ್ ಇರಲಿ. ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದರಿಂದ ವಸಡಿಗೆ ಒಳ್ಳೆಯದೇ ಆಗುತ್ತದೆ.

ರಮಝಾನ್ ತಿಂಗಳಲ್ಲಿ ಕ್ಯಾಪ್ ಹಾಕಿಸಬಹುದೇ ಎಂದು ಹಲವರು ಕೇಳುತ್ತಾರೆ. ಉಪವಾಸದ ಮಸ್‌ಅಲಾವನ್ನು ನಿಮ್ಮ ಆಲಿಮ್‌ರಲ್ಲಿ ಕೇಳಿ. ವೈದ್ಯನಾಗಿ ನಾನು ಹೇಳುವುದಿಷ್ಟು: ಈ ಕೆಲಸದಲ್ಲಿ ನೀರು ಸಿಂಪಡಿಸುತ್ತಾರೆ, ರಕ್ತ ಬರುತ್ತದೆ, ಔಷಧಿ ತೊಳೆಯುತ್ತಾರೆ. ಸಾಧ್ಯವಾದರೆ ಇಫ್ತಾರಿನ ನಂತರದ ಸಮಯ ಕೇಳಿ, ಅಥವಾ ಈದ್ ಕಳೆದ ಮೇಲೆ ಆರಂಭಿಸಿ. ಆದರೆ ಹಲ್ಲು ಉಜ್ಜಿ ತಾತ್ಕಾಲಿಕ ಕ್ಯಾಪ್ ಹಾಕಿಯಾಗಿದ್ದರೆ ತಿಂಗಳುಗಟ್ಟಲೆ ಮುಂದೂಡಬೇಡಿ. ತಾತ್ಕಾಲಿಕ ಕ್ಯಾಪಿನ ಒರಟು ಅಂಚಿನಿಂದ ವಸಡು ಕೆರಳಿ ಹಲ್ಲಿನ ಮೇಲೆ ಬೆಳೆದುಬಿಡುತ್ತದೆ. ಆಗ ಮತ್ತೆ ಕತ್ತರಿಸುವ ಪಾಡು.

ಯಾವಾಗ ಮರಳಿ ಹೋಗಬೇಕು?

ಈ ಲಕ್ಷಣಗಳಲ್ಲಿ ಒಂದು ಕಂಡರೂ ಮಂಜನ್ ಹುಡುಕದೆ ದಂತವೈದ್ಯರ ಬಳಿ ಹೋಗಿ: ಎರಡು ವಾರ ಕಳೆದರೂ ಆ ಒಂದೇ ಹಲ್ಲಿನ ಸುತ್ತ ರಕ್ತ ಬರುವುದು, ಊತ ಇಳಿದು ಮತ್ತೆ ಬರುವುದು, ಒತ್ತಿದರೆ ಕೀವು, ಕೆಟ್ಟ ವಾಸನೆ ಅಥವಾ ರುಚಿ, ಕ್ಯಾಪಿನ ಅಂಚಿನಲ್ಲಿ ನಾಲಿಗೆಗೆ ಮೆಟ್ಟಿಲಿನಂತೆ ತಾಗುವುದು, ಅಲ್ಲಿ ಪದೇ ಪದೇ ಆಹಾರ ಸಿಕ್ಕಿಕೊಳ್ಳುವುದು, ವಸಡು ಇಳಿದು ಬೇರು ಕಾಣುವುದು. ಜ್ವರ ಬಂದರೆ, ಮುಖ ಊದಿಕೊಂಡರೆ ಅದೇ ದಿನ ಹೋಗಿ.

ಮಾಚಿಕಾಯಿ, ದಾಳಿಂಬೆ ಸಿಪ್ಪೆ, ಪಟಿಕ ನಮ್ಮ ಪದ್ಧತಿಯ ಉತ್ತಮ ಮದ್ದುಗಳು. ಸಡಿಲ ವಸಡಿಗೆ ಅವನ್ನು ಇಂದಿಗೂ ಕೊಡುತ್ತೇನೆ. ಆದರೆ ಅವು ರಕ್ತವನ್ನು ನಿಲ್ಲಿಸಬಲ್ಲವು, ಒಳಗಿರುವ ನೂಲನ್ನಾಗಲಿ ಸಿಮೆಂಟನ್ನಾಗಲಿ ತೆಗೆಯಲಾರವು. ರಕ್ತ ನಿಂತಾಗ ರೋಗ ನಿಂತಿತೆಂದು ನಾವು ಭಾವಿಸುತ್ತೇವೆ. ಎಚ್ಚರಿಕೆಯ ಗಂಟೆಯನ್ನು ಮಾತ್ರ ಬಾಯಿ ಮುಚ್ಚಿಸಿರುತ್ತೇವೆ. ಈಗ ನನ್ನ ಬಳಿ ಯಾರೇ ಒಂದು ಹಲ್ಲಿನ ಸುತ್ತ ಮಾತ್ರ ರಕ್ತ ಬರುತ್ತಿದೆ ಎಂದು ಬಂದರೂ ಮೊದಲು ಕೇಳುವ ಪ್ರಶ್ನೆ, 'ಆ ಹಲ್ಲಿಗೆ ಕ್ಯಾಪ್ ಹಾಕಿಸಿದ್ದೀರಾ, ಎಂದು?' ಹೌದು ಎಂದರೆ ಸುನೂನ್ ಡಬ್ಬಿ ಕಪಾಟಿನಲ್ಲೇ ಇರುತ್ತದೆ. ದಂತವೈದ್ಯರಿಗೆ ಚೀಟಿ ಬರೆದು ಕೊಡುತ್ತೇನೆ. ನೀವೂ ನಿಮ್ಮ ಮನೆಯವರನ್ನು ಅದೇ ಪ್ರಶ್ನೆ ಕೇಳಿ.